ಹಾಡಿಗಿಂತ ಮೊದಲು ಮಾತು

ಮಾನ್ಯ ಸಂಪಾದಕರೇ,

ಹೊರದೇಶದಲ್ಲಿ ಬೆಳೆಯುವ ಮಕ್ಕಳಿಗೆ ಹಾಡಿನ ಮೂಲಕ ಕನ್ನಡ ಕಲಿಸಿ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಹಾಡು ತಾನಾಗಿ ಭಾಷೆ ಕಲಿಸುವುದಿಲ್ಲ. ವಲಸೆ ಹೋದ ಬಲ್ಗೇರಿಯನ್ನರ ವಾರಾಂತ್ಯದ ಶಾಲೆಗಳಲ್ಲಿ ಭಾಷೆಯ ಜೊತೆಗೇ ಹಾಡು, ಕುಣಿತ ಇರುತ್ತವೆ. ಅಲ್ಲಿ ಕಲಿಕೆ ಎಲ್ಲಿ ಕೈಕೊಡುತ್ತದೆ ಎಂಬುದನ್ನು ನಾವೂ ಗಮನಿಸಬೇಕು.

ಅವರ ಲಿಪಿಯಲ್ಲಿ 30 ಅಕ್ಷರ. ಇಂಗ್ಲಿಷ್ ಓದುವ ಮಗುವಿಗೆ ಹೊಸ ಆಕಾರಗಳಿಗಿಂತ ಪರಿಚಿತ ಮುಖಗಳೇ ತೊಡಕು: ‘ಬಿ’ಯಂತೆ ಕಾಣುವುದು ‘ವ’, ‘ಎಚ್’ನಂಥದ್ದು ‘ನ’, ‘ಪಿ’ಯಂಥದ್ದು ‘ರ’. ವರ್ಣಮಾಲೆಯ ಕ್ರಮದಲ್ಲೇ ಹೊರಟರೆ ಮೂರನೆಯ ಅಕ್ಷರಕ್ಕೇ ಎಡವಟ್ಟು. ಆಕಾರ, ಉಚ್ಚಾರ ಎರಡೂ ಹೆಚ್ಚುಕಡಿಮೆ ಹೊಂದುವ ಎ, ಇ, ಕೆ, ಎಂ, ಒ, ಟಿ ಆರನ್ನು ಮೊದಲು ಹಿಡಿದರೆ ಮೊದಲ ದಿನವೇ ಮಾಮ, ತಾತೆ, ಕೋಟ್ಕ ಓದಬಹುದು. (ಮಾಮ ಎಂದರೆ ಅಮ್ಮ, ತಾತೆ ಎಂದರೆ ಅಪ್ಪ. ನಮ್ಮವರಿಗೆ ನಗು ಬಂದೀತು.) ಕೋಟ್ಕ ಬೆಕ್ಕು, ‘ಕೋಟ್ಕತ’ ಎಂದರೆ ಆ ಬೆಕ್ಕು. ಇಂಗ್ಲಿಷಿನ ‘ದಿ’ಯನ್ನು ಪದದ ಮುಂದಿಟ್ಟು ರೂಢಿಯಾದ ಮಗು ಈ ‘ತ’ ಎಂಬ ಬಾಲವನ್ನು ಮರೆಯುತ್ತದೆ.

ಇನ್ನು ತಾಳ. ಅವರ ರಚೆನಿತ್ಸ ಕುಣಿತಕ್ಕೆ 2+2+3, ಒಟ್ಟು 7 ಮಾತ್ರೆ. ಇಂಗ್ಲಿಷಿನಲ್ಲಿ ಒಂದರಿಂದ ಏಳು ಎಣಿಸಿದರೆ ಕೆಟ್ಟಿತು: ‘ಸೆವೆನ್’ ಎರಡು ತುಂಡಾಗಿ ಎಂಟನೆಯ ಮಾತ್ರೆ ನುಸುಳುತ್ತದೆ. ಬಲ್ಗೇರಿಯನ್ನಿನ ‘ಸೆದೆಮ್’ ಕೂಡ ಎರಡು ತುಂಡೇ. ಆದ್ದರಿಂದ ಎಣಿಕೆ ಬಿಟ್ಟು ಮೂರೇ ಚಪ್ಪಾಳೆ ಹಾಕಿಸಬೇಕು, ಮೂರನೆಯದು ಉದ್ದ: ತಕ, ದಿಮಿ, ತಕಿಟ. ನಮ್ಮ 7 ಮಾತ್ರೆಯ ಮಿಶ್ರ ಚಾಪು ತಾಳದಲ್ಲಿ ಉದ್ದದ್ದು ಮೊದಲು ಬರುವುದರಿಂದ ಕರ್ನಾಟಕ ಸಂಗೀತ ಕಲಿತ ಮಗು ಇಲ್ಲಿ ತಿರುಗುಮುರುಗು ಮಾಡುತ್ತದೆ. ಅಂಥವರಿಗೆ ನಮ್ಮ ಖಂಡ ಚಾಪು ತಾಳದ ಹಾಗೇ 2+3 ಇರುವ ಪೈದುಷ್ಕೊ ಕುಣಿತ ಮೊದಲ ಪಾಠವಾಗಲಿ.

ವಾಲ್ಯಾ ಬಾಲ್ಕಾನ್ಸ್ಕಾ ಹಾಡಿದ ರೊದೋಪಿ ಬೆಟ್ಟಸೀಮೆಯ ಹಾಡು 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಯೇರಿ ಹೋಯಿತೆಂಬ ಹೆಮ್ಮೆ ಬಲ್ಗೇರಿಯನ್ನರಿಗಿದೆ, ಸರಿಯೇ. ಆದರೆ ಅದರದು ತಾಳದ ಕಟ್ಟಿಲ್ಲದ ನೀಳ ಎಳೆತ, ಮೇಲೆ ಆ ಸೀಮೆಯ ನುಡಿ. ಎಳೆಯ ಮಕ್ಕಳಿಗೆ ಅದು ಮೊದಲ ಹಾಡಲ್ಲ.

ಹಾಡು ನಾಲ್ಕು ಸಾಲಿನದಿರಲಿ. ಮೊದಲು ಮಾತಿನಂತೆ ಆಡಿಸಬೇಕು, ಆಮೇಲೆ ಚಪ್ಪಾಳೆಯೊಡನೆ ಹೇಳಿಸಬೇಕು, ರಾಗ ಕೊನೆಗೆ. ಕಾರಣ, ರಾಗ ಪದದ ಒತ್ತನ್ನು ಜರುಗಿಸುತ್ತದೆ. ಬಲ್ಗೇರಿಯನ್ನಿನಲ್ಲಿ ಒತ್ತು ಜರುಗಿದರೆ ಅರ್ಥವೇ ಬದಲಾಗಬಹುದು. ‘ವಲ್ನ’ದಲ್ಲಿ ಒತ್ತು ಮೊದಲಿದ್ದರೆ ಉಣ್ಣೆ, ಕೊನೆಗಿದ್ದರೆ ಅಲೆ.

ಮೇ 24 ಅವರಿಗೆ ಅಕ್ಷರ, ಸಂಸ್ಕೃತಿಯ ಹಬ್ಬ. ವೇದಿಕೆ ಹತ್ತಿರ ಬಂದಂತೆ ಮಾತಿನ ಹಂತ ಹಾರಿಸಿ ಬಾಯಿಪಾಠಕ್ಕಿಳಿಯುವ ಅವಸರ ನಮ್ಮ ರಾಜ್ಯೋತ್ಸವದಲ್ಲೂ ಇದ್ದದ್ದೇ. ಕನ್ನಡ ಕೂಟಗಳು ಹಾಡಿನ ಮೂರು ಪದಗಳನ್ನು ಆರಿಸಿ ಸ್ವಂತ ವಾಕ್ಯದಲ್ಲಿ ಬಳಸಲು ಮಗುವಿಗೆ ಹೇಳಲಿ. ಬಾರದಿದ್ದರೆ ಆ ಹಾಡನ್ನು ಆ ವರ್ಷದ ಕಾರ್ಯಕ್ರಮದಿಂದ ಕೈಬಿಡಲಿ.

– ಭಾಷೆ ಮತ್ತು ಸಂಗೀತ ಶಿಕ್ಷಕರು, ಮೈಸೂರು