ದುಬೈಯಲ್ಲಿರುವ ಗೆಳೆಯನಿಗೆ, ಬದಿಯಡ್ಕದಿಂದ

ಪ್ರೀತಿಯ ಗೆಳೆಯಾ,

ಫೋನ್ ಎತ್ತದಿದ್ದರೆ ಸಾಲಾಗಿ ಮಿಸ್ಡ್ ಕಾಲ್, ನಿನ್ನ ಹೆಂಡತಿಗೆ ಸಂಶಯ ಜಾಸ್ತಿ ಅಂದಿದ್ದೀಯ. ಸಂಶಯ ಅನ್ನಬೇಡ ಮಾರಾಯ, ಅದು ಆತಂಕ.

ತಾಯಿ ಮಗುವಿನ ನಂಟಿನ ಬಗ್ಗೆ ಮನೋವೈದ್ಯ ಜಾನ್ ಬೌಲ್ಬಿ ಹೇಳಿದ್ದನ್ನು 1987ರಲ್ಲಿ ಹಜನ್ ಮತ್ತು ಶೇವರ್ ಎಂಬ ಮನಶ್ಶಾಸ್ತ್ರಜ್ಞರು ಪ್ರೇಮಸಂಬಂಧಕ್ಕೂ ಅನ್ವಯಿಸಿದರು. ಈಗ ಮುಖ್ಯವಾಗಿ ಎರಡನ್ನು ಅಳೆಯುತ್ತಾರೆ: ಕೈಬಿಟ್ಟಾರೆಂಬ ಆತಂಕ ಎಷ್ಟು, ಹತ್ತಿರವಾದಾಗ ಹಿಂದೆ ಸರಿಯುವುದು ಎಷ್ಟು. ಇವನ್ನು ಅಳೆಯುವ 1998ರ ಒಂದು ಪ್ರಶ್ನಾವಳಿಯಲ್ಲಿ 36 ಹೇಳಿಕೆಗಳಿವೆ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಎರಡೂ ಕಡಿಮೆ ಬಂದರೆ ನಂಟು ಭದ್ರ. ಹೆಚ್ಚಿನವರು ಇವುಗಳ ನಡುವೆ ಎಲ್ಲೋ ಇರುತ್ತಾರೆ. ಹಾಗಾಗಿ ‘ನೀನು ಇಂಥವನೇ’ ಎಂದು ಹಣೆಪಟ್ಟಿ ಹಚ್ಚುವ ಮೊಬೈಲ್ ಕ್ವಿಜ್‌ಗಳನ್ನು ನಂಬಬೇಡ.

ಆತಂಕದ ನಂಟಿನವರಲ್ಲಿ ಬೇಗ ಕಳವಳಗೊಳ್ಳುವ ಸ್ವಭಾವ ಹೆಚ್ಚಾಗಿ ಕಾಣುತ್ತದೆ. ಹಿಂದೆ ಸರಿಯುವವರು ಮನಸ್ಸಿನದ್ದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಆದರೆ ಮಾತು ಕಡಿಮೆ ಇದ್ದವರೆಲ್ಲ ಹಿಂದೆ ಸರಿಯುವವರಲ್ಲ. ನೀನು ಮೊದಲಿನಿಂದಲೂ ಮಿತಭಾಷಿ, ಅದು ತಪ್ಪಲ್ಲ. ಅವಳು ಅತ್ತಾಗ ಫೋನ್ ಸೈಲೆಂಟಿಗೆ ಹಾಕುತ್ತೀಯಲ್ಲ, ಪೆಟ್ಟು ಬೀಳುವುದು ಅಲ್ಲಿ. ನೀನು ಸುಮ್ಮನಾದಷ್ಟೂ ಅವಳು ಕರೆಯುತ್ತಾಳೆ, ಅವಳು ಕರೆದಷ್ಟೂ ನೀನು ಸುಮ್ಮನಾಗುತ್ತೀಯ.

ಮೊದಲು ಅವಳ ದಿನಚರಿ ಕೇಳು. ಮಗುವಿನ ಜ್ವರ, ಪಂಚಾಯತ್ ಆಫೀಸು, ಅತ್ತೆಯ ಮದ್ದು ಎಲ್ಲ ಒಬ್ಬಳ ತಲೆಯ ಮೇಲಿದ್ದರೆ ಅರ್ಧ ಆತಂಕ ಸ್ವಭಾವದ್ದಲ್ಲ, ಪರಿಸ್ಥಿತಿಯದ್ದು.

ಕರೆಗೊಂದು ಹೊತ್ತು ಗೊತ್ತುಮಾಡು. ನಿನ್ನ ರಾತ್ರಿ ಒಂಬತ್ತು ಅಂದರೆ ಇಲ್ಲಿ ಹತ್ತೂವರೆ, ಮಗು ಮಲಗಿರುತ್ತದೆ. ಶುರುವಿಗೇ ಹಣದ ವಿಷಯ ಎತ್ತಬೇಡ. ಆಗದಿದ್ದರೆ ಮುಂಚೆಯೇ ‘ಒಂಬತ್ತೂವರೆಗೆ ಮಾಡುತ್ತೇನೆ’ ಎಂದು ಬರೆ, ಮಾಡು. ಜಗಳ ಏರಿದರೆ ನಿಲ್ಲಿಸಬಹುದು, ಎದೆಬಡಿತ ಇಳಿಯಲು ಇಪ್ಪತ್ತು ನಿಮಿಷವಾದರೂ ಬೇಕು. ಆದರೆ ಮತ್ತೆ ಯಾವಾಗ ಮಾತಾಡುವುದು ಎಂದು ಹೇಳಿಯೇ ಇಡು. ಹೇಳದೆ ಕಟ್ ಮಾಡಿದರೆ ಅವಳಿಗೆ ಅದು ಕೈಬಿಟ್ಟ ಹಾಗೆಯೇ. ಅವಳೂ ‘ನಿಮಗೆ ನಾನು ಬೇಡ’ ಎನ್ನುವ ಬದಲು ‘ಇವತ್ತು ಮನಸ್ಸು ಸರಿಯಿಲ್ಲ, ಐದು ನಿಮಿಷ ಮಾತಾಡಿ’ ಎನ್ನಲಿ.

ಮೇರಿ ಐನ್ಸ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ ಪುಟ್ಟ ಮಕ್ಕಳನ್ನು ಪರೀಕ್ಷಿಸುವಾಗ ತಾಯಿ ಹೊರಗೆ ಹೋದ ಹೊತ್ತಿಗಿಂತ ತಿರುಗಿ ಬಂದ ಹೊತ್ತನ್ನೇ ಹೆಚ್ಚು ಗಮನಿಸಿದ್ದರು. ಕೆಲವು ಮಕ್ಕಳು ತಾಯಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಸಿಟ್ಟಿನಿಂದ ಒದೆಯುತ್ತಿದ್ದವು. ರಜೆಯಲ್ಲಿ ನೀನು ಬಂದಾಗ ಅವಳು ಮುನಿಸಿಕೊಂಡರೆ ಇದನ್ನು ನೆನಪಿಡು. ಮೊದಲ ವಾರ ನೆಂಟರ ಮನೆಗಳ ತಿರುಗಾಟ ಬೇಡ, ಮನೆಯಲ್ಲೇ ಇರು.

ಇಂತಿ ನಿನ್ನ ಗೆಳೆಯ