ಪೆಟ್ಟು ತಿನ್ನುವ ನಾಯಕನ ಬಗ್ಗೆ ಬರೆಯುವುದು: ಯುವ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಮಿತ್ರರೇ,

ನಮಸ್ಕಾರ. ಹಾಂಗ್‌ಕಾಂಗ್‌ನ ಕುಂಗ್ ಫೂ ಹಾಸ್ಯಚಿತ್ರಗಳನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ನಿಧಾನವಾಗಿ ಓದಿದೆ. ಈ ಚಿತ್ರಗಳ ಮೇಲೆ ನಿಮಗಿರುವ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಸಂಶಯವಿರುವುದು ನಿಮಗೇ ಎಂದು ತೋರುತ್ತದೆ. 'ಇವು ಗಂಭೀರ ಚಿತ್ರಗಳಲ್ಲದಿದ್ದರೂ' ಎಂದು ಆರಂಭಿಸಿ, ಮುಂದಿನ ಪುಟದಲ್ಲಿ 'ಕೇವಲ ಮನರಂಜನೆಗೆಂದು ತಯಾರಾದವಾದರೂ' ಎಂದು ಸೇರಿಸಿ, ಕೊನೆಗೆ ಜಾಕಿ ಚಾನ್‌ಗೆ 2016ರಲ್ಲಿ ಗೌರವ ಆಸ್ಕರ್ ಸಂದಿದ್ದನ್ನು ಸಾಕ್ಷಿಗೆ ತಂದು ನಿಲ್ಲಿಸಿದ್ದೀರಿ. ಓದುಗರು ಕೇಳದ ಕ್ಷಮೆಯನ್ನು ನೀವೇ ಮುಂದಾಗಿ ಕೇಳಿದರೆ, ಏನೋ ತಪ್ಪು ನಡೆದಿರಬೇಕೆಂದು ಅವರು ತಿಳಿಯುತ್ತಾರೆ. ಆ ವಾಕ್ಯಗಳನ್ನು ಮೊದಲು ಹೊಡೆದುಹಾಕಿ. ಪ್ರಶಸ್ತಿಯ ಮಾತೂ ಬೇಡ. ಪ್ರಶಸ್ತಿ ಬರುವುದಕ್ಕೆ ಎಷ್ಟೋ ದಶಕಗಳ ಮೊದಲೇ ಜನ ನಕ್ಕಿದ್ದರು.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. 'ಅದ್ಭುತ ಹೊಡೆದಾಟ', 'ಮೈನವಿರೇಳಿಸುವ ಸಾಹಸ', 'ಹೊಟ್ಟೆ ಹುಣ್ಣಾಗಿಸುವ ಹಾಸ್ಯ' ಎಂಬ ಮಾತುಗಳು ಲೇಖನದ ತುಂಬ ಹರಡಿಕೊಂಡಿವೆಯೇ ಹೊರತು, ನಗು ಏಕೆ ಬರುತ್ತದೆ ಎಂಬ ಪ್ರಶ್ನೆಯನ್ನು ನೀವು ಒಮ್ಮೆಯೂ ಎದುರಿಸಿಲ್ಲ. ನನ್ನ ಉತ್ತರವನ್ನು ಹೇಳುತ್ತೇನೆ, ಒಪ್ಪದಿದ್ದರೆ ಜಗಳವಾಡಿ. ಈ ಚಿತ್ರಗಳಲ್ಲಿ ನಗು ಹುಟ್ಟುವುದು ಖಚಿತತೆಯಿಂದ. ಯಾವ ಕಾಲು ಯಾವ ಮಣೆಯ ಮೇಲಿತ್ತು, ಮಣೆ ಯಾವ ಕಡೆಗೆ ವಾಲಿತು, ವಾಲಿದಾಗ ಎದುರಾಳಿಯ ಮುಷ್ಟಿ ಎಷ್ಟು ದೂರದಲ್ಲಿತ್ತು ಎಂಬುದೆಲ್ಲ ನೋಡುವವನಿಗೆ ಸ್ಪಷ್ಟವಾಗಿ ಕಂಡಾಗ ಮಾತ್ರ ಅವನು ನಗುತ್ತಾನೆ. ಅದನ್ನು ಕುರಿತು ಬರೆಯುವವನ ಗದ್ಯವೂ ಅಷ್ಟೇ ಖಚಿತವಾಗಿರಬೇಕು.

1978ರ 'ಡ್ರಂಕನ್ ಮಾಸ್ಟರ್' ಚಿತ್ರದ ಒಂದು ಶಿಕ್ಷೆಯನ್ನು ತೆಗೆದುಕೊಳ್ಳಿ. ಜಾಕಿ ಚಾನ್ ಕಾಲು ಮೇಲಾಗಿ, ತಲೆ ಕೆಳಗಾಗಿ ನೇತಾಡುತ್ತಿದ್ದಾನೆ. ಕೆಳಗೆ ನೀರಿನ ಬಕೆಟ್ ಇದೆ, ಮೇಲೆ ಪಾದಗಳ ಬಳಿ ಇನ್ನೊಂದು ತೊಟ್ಟಿ ಇದೆ. ಕೆಳಗಿನ ನೀರನ್ನು ಮೊಗೆದು, ಹೊಟ್ಟೆಯ ಬಲದಿಂದ ಮೇಲಕ್ಕೆ ಮಡಿಚಿಕೊಂಡು, ಮೇಲಿನ ತೊಟ್ಟಿಗೆ ಸುರಿಯಬೇಕು. ಇಷ್ಟೇ ಆಗಿದ್ದರೆ ಅದು ಬರೀ ಕಸರತ್ತಾಗುತ್ತಿತ್ತು. ಅದನ್ನು ಹಾಸ್ಯವಾಗಿಸಿದ್ದು ಅವನ ಕೈಗೆ ಕೊಟ್ಟಿರುವ ಪುಟ್ಟ ಬಟ್ಟಲುಗಳು. ಬಟ್ಟಲಿನ ಗಾತ್ರ ಮತ್ತು ತೊಟ್ಟಿಯ ಗಾತ್ರವನ್ನು ನಮ್ಮ ಕಣ್ಣು ಅಳೆದ ಕ್ಷಣದಲ್ಲೇ ಇನ್ನೆಷ್ಟು ಸಲ ಅವನು ಏಳಬೇಕೆಂಬ ಲೆಕ್ಕ ನಮ್ಮ ಹೊಟ್ಟೆಯ ಸ್ನಾಯುಗಳಿಗೇ ತಿಳಿದುಬಿಡುತ್ತದೆ. ನಿಮ್ಮ ಲೇಖನದಲ್ಲಿ ಈ ದೃಶ್ಯಕ್ಕೆ 'ಕಠಿಣ ತರಬೇತಿಯ ತಮಾಷೆಯ ದೃಶ್ಯಗಳು' ಎಂಬ ನಾಲ್ಕು ಪದಗಳು ಸಿಕ್ಕಿವೆ. ಬಟ್ಟಲು ಎಲ್ಲಿ ಹೋಯಿತು?

ನೋವಿನ ವಿಷಯಕ್ಕೆ ಬರುತ್ತೇನೆ. ನಾವು ಬೆಳೆದ ಚಿತ್ರಗಳ ಡಿಶುಂ ಡಿಶುಂ ಹೊಡೆದಾಟದಲ್ಲಿ ನಾಯಕ ಹತ್ತು ಜನರನ್ನು ಕೆಡವಿದರೂ ಅವನ ಮುಷ್ಟಿಗೆ ಏನೂ ಆಗುವುದಿಲ್ಲ, ತಲೆಗೂದಲೂ ಕೆದರುವುದಿಲ್ಲ. ಜಾಕಿ ಚಾನ್ ಒಬ್ಬನ ದವಡೆಗೆ ಗುದ್ದಿದ ಮೇಲೆ ತನ್ನ ಕೈಯನ್ನೇ ಒದರಿಕೊಂಡು ಮುಖ ಕಿವುಚುತ್ತಾನೆ. ಹೊಡೆದವನಿಗೂ ನೋವಾಗುತ್ತದೆ ಎಂಬ ಈ ಸಣ್ಣ ಸತ್ಯವನ್ನು ಒಪ್ಪಿಕೊಂಡ ಮೇಲೆ ನಾಯಕನಿಗೆ ಓಡಿಹೋಗುವ ಹಕ್ಕು ಬರುತ್ತದೆ, ಮೇಜಿನ ಕೆಳಗೆ ನುಸುಳುವ ಹಕ್ಕು ಬರುತ್ತದೆ, ಕೈಗೆ ಸಿಕ್ಕ ಕುರ್ಚಿಯನ್ನೋ ಏಣಿಯನ್ನೋ ಹಿಡಿದು ಬಚಾವಾಗುವ ಹಕ್ಕು ಬರುತ್ತದೆ. ಸೋಲುವ ಸಾಧ್ಯತೆ ಇರುವವನು ಮಾತ್ರ ಉಪಾಯ ಹುಡುಕುತ್ತಾನೆ, ಮತ್ತು ಈ ಚಿತ್ರಗಳ ಹಾಸ್ಯವೆಲ್ಲ ಆ ಉಪಾಯಗಳಲ್ಲಿದೆ.

ಇದು ಸುಮ್ಮನೆ ಬಂದದ್ದಲ್ಲ. ಬ್ರೂಸ್ ಲೀ 1973ರ ಜುಲೈಯಲ್ಲಿ ತೀರಿಕೊಂಡ ಮೇಲೆ ಹಾಂಗ್‌ಕಾಂಗ್ ನಿರ್ಮಾಪಕರು ಇನ್ನೊಬ್ಬ ಬ್ರೂಸ್ ಲೀಯನ್ನು ಹುಡುಕತೊಡಗಿದರು. ನಿರ್ದೇಶಕ ಲೋ ವೇ ಆ ಪಾತ್ರಕ್ಕೆ ಜಾಕಿ ಚಾನ್‌ನನ್ನು ತಿದ್ದಿ ತೀಡಲು ನೋಡಿದರು. ಹುಬ್ಬು ಗಂಟಿಕ್ಕಿ ಸೇಡು ತೀರಿಸಿಕೊಳ್ಳುವ ಆ ಚಿತ್ರಗಳು ಓಡಲಿಲ್ಲ. ಆಮೇಲೆ ಬೇರೊಂದು ಸಂಸ್ಥೆಗೆ ಎರವಲು ಹೋದಾಗ ಯುಯೆನ್ ವೂ-ಪಿಂಗ್ ನಿರ್ದೇಶನದ ಎರಡು ಚಿತ್ರಗಳು ಒಂದೇ ವರ್ಷದಲ್ಲಿ, 1978ರಲ್ಲಿ, ಬಂದವು. ಎರಡನೆಯದೇ 'ಡ್ರಂಕನ್ ಮಾಸ್ಟರ್'. ಅದರ ನಾಯಕ ವಾಂಗ್ ಫೇ-ಹಂಗ್ ದಕ್ಷಿಣ ಚೀನಾದಲ್ಲಿ ನಿಜವಾಗಿ ಬದುಕಿದ್ದ ವೈದ್ಯ, ಸಮರಕಲೆಯ ಗುರು. 1949ರಿಂದ ಕ್ವಾನ್ ತಕ್-ಹಿಂಗ್ ಎಂಬ ನಟ ಆ ಪಾತ್ರವನ್ನು ಎಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಧೀರ ಗಂಭೀರ ಆಚಾರ್ಯನಾಗಿ ನಿರ್ವಹಿಸಿದ್ದರು. ಅಂಥ ಆಚಾರ್ಯನನ್ನು ಈ ಚಿತ್ರ ಪಾಠ ತಪ್ಪಿಸಿಕೊಳ್ಳುವ, ಹೋಟೆಲಿನಲ್ಲಿ ತಿಂದು ದುಡ್ಡು ಕೊಡದೆ ಜಾರಿಕೊಳ್ಳಲು ನೋಡುವ ಪುಂಡ ಹುಡುಗನನ್ನಾಗಿ ಮಾಡಿತು. ಹಾಂಗ್‌ಕಾಂಗ್ ಪ್ರೇಕ್ಷಕನ ನಗುವಿನಲ್ಲಿ ಈ ಮರ್ಯಾದಾಭಂಗದ ಸುಖವೂ ಸೇರಿತ್ತು. ನಮಗೆ ಅದು ಅರ್ಧವಷ್ಟೇ ಕಾಣುತ್ತದೆ. ನೀವು ಓದುಗರಿಗೆ ಕೊಡಬೇಕಾದ ಹಿನ್ನೆಲೆ ಇಂಥದ್ದು, ನಟನ ಜಾತಕವಲ್ಲ. ಅಂದಹಾಗೆ, ಕುಡುಕ ಗುರುವಿನ ಪಾತ್ರ ಮಾಡಿದ ಮುದುಕರು ನಿರ್ದೇಶಕರ ಸ್ವಂತ ತಂದೆ. ಮಗ ಕ್ಯಾಮೆರಾದ ಹಿಂದೆ ನಿಂತು ಅಪ್ಪನನ್ನು ತೂರಾಡಿಸುತ್ತಿದ್ದ ಎಂಬುದನ್ನು ನೆನೆದು ನೋಡಿದರೆ ಆ ದೃಶ್ಯಗಳ ಸಲಿಗೆ ಇನ್ನಷ್ಟು ರುಚಿಸುತ್ತದೆ.

ಹಾಸ್ಯವನ್ನು ಜಾಕಿ ಚಾನ್ ಒಬ್ಬನೇ ಕಂಡುಹಿಡಿದ ಎಂಬ ಧಾಟಿಯನ್ನೂ ಬಿಡಿ. 1976ರಲ್ಲೇ ಹಾಂಗ್‌ಕಾಂಗ್‌ನ ಹಾಸ್ಯನಟ, ನಿರ್ದೇಶಕ ಮೈಕಲ್ ಹುಯಿ ತಮ್ಮ 'ದಿ ಪ್ರೈವೇಟ್ ಐಸ್' ಚಿತ್ರದ ಅಡುಗೆಮನೆಯ ಜಗಳದಲ್ಲಿ ಸಾಸೇಜುಗಳ ಸರವನ್ನು ಬ್ರೂಸ್ ಲೀಯ ನಾನ್‌ಚಾಕುವಿನಂತೆ, ಅಂದರೆ ಸರಪಳಿಯಿಂದ ಜೋಡಿಸಿದ ಎರಡು ಕೋಲುಗಳ ಆಯುಧದಂತೆ, ಬೀಸಿದ್ದರು. ಅದಕ್ಕಿಂತ ಹಿಂದಿನ ಬೇರು ರಂಗಭೂಮಿಯಲ್ಲಿದೆ. ಬೀಜಿಂಗ್ ಆಪೆರಾದಲ್ಲಿ ಲಾಗ ಹಾಕುವ, ಕಾದಾಡುವ ವಿದೂಷಕನಿಗೆಂದೇ ಪ್ರತ್ಯೇಕ ವೇಷವಿದೆ. 'ಸಾನ್ ಚಾ ಕೋ' ಎಂಬ ಹಳೆಯ ಪ್ರಸಂಗದಲ್ಲಿ ಇಬ್ಬರು ಛತ್ರದ ಕೋಣೆಯೊಂದರ ಕಗ್ಗತ್ತಲಲ್ಲಿ ಒಬ್ಬರನ್ನೊಬ್ಬರು ಹುಡುಕಿ ಹೊಡೆದಾಡುತ್ತಾರೆ. ಆದರೆ ರಂಗದ ಮೇಲೆ ಪೂರ್ಣ ಬೆಳಕಿರುತ್ತದೆ. ಕತ್ತಿ ಮೂಗಿನಿಂದ ಕೂದಲೆಳೆಯ ಅಂತರದಲ್ಲಿ ಹಾದುಹೋಗುವುದು ನಮಗೆ ಕಾಣುತ್ತದೆ, ಮೂಗಿನ ಒಡೆಯನಿಗೆ ಕಾಣುವುದಿಲ್ಲ. ಈ ಕಲೆಯ ಸಾರವೆಲ್ಲ ಈ ಒಂದು ಪ್ರಸಂಗದಲ್ಲಿದೆ ಎಂದು ನನಗೆ ಅನೇಕ ಸಲ ಅನಿಸಿದೆ.

ಜಾಕಿ ಚಾನ್, ಸ್ಯಾಮೊ ಹಂಗ್, ಯುಯೆನ್ ಬಿಯಾವ್ ಮೂವರೂ ಬಾಲ್ಯದಲ್ಲಿ ಯು ಜಿಮ್-ಯುಯೆನ್ ಎಂಬ ಗುರುವಿನ ಆಪೆರಾ ಶಾಲೆಯಲ್ಲಿ ಕಲಿತವರು. ಅವರು ದೊಡ್ಡವರಾಗುವ ಹೊತ್ತಿಗೆ ಹಾಂಗ್‌ಕಾಂಗ್‌ನಲ್ಲಿ ಆ ಆಪೆರಾವನ್ನು ನೋಡುವವರು ಕಡಿಮೆಯಾಗಿದ್ದರು. ಬೇರೆ ದಾರಿಯಿಲ್ಲದೆ ಸ್ಟುಡಿಯೊಗಳಲ್ಲಿ ಡ್ಯೂಪ್‌ಗಳಾಗಿ ಸೇರಿದರು, ಅಲ್ಲಿಂದ ಸಾಹಸ ನಿರ್ದೇಶಕರಾದರು. ಈ ಶಾಲೆಯನ್ನು ನೀವು ಗುರುಕುಲದ ಮಹಿಮೆಯೆಂಬಂತೆ ವರ್ಣಿಸಿದ್ದೀರಿ. ಅಲ್ಲಿ ಮಕ್ಕಳು ಬೆತ್ತದೇಟು ತಿಂದು ಕಲಿತರು ಎಂಬುದನ್ನು ಅವರೇ ಹೇಳಿಕೊಂಡಿದ್ದಾರೆ. ಆ ಏಟುಗಳಿಂದಲೇ ಕಲೆ ಬಂತು ಎಂದು ಬರೆಯಬೇಡಿ, ಏಟುಗಳನ್ನು ಮುಚ್ಚಲೂಬೇಡಿ. ದೇಹ ಅಷ್ಟು ನಿಖರವಾಗಲು ಏನು ತೆತ್ತರು ಎಂಬುದನ್ನು ಸರಳವಾಗಿ ಹೇಳಿ ಮುಂದೆ ಹೋಗಿ.

ಕ್ಯಾಮೆರಾದ ಬಗ್ಗೆ ನೀವು ಒಂದು ಸಾಲನ್ನೂ ಬರೆದಿಲ್ಲ, ಇದು ನನಗೆ ಆಶ್ಚರ್ಯ ತಂದಿತು. ಒದೆಯುವವನೂ ಒದೆಸಿಕೊಳ್ಳುವವನೂ ಒಂದೇ ಚೌಕಟ್ಟಿನಲ್ಲಿ ಅಡಿಯಿಂದ ಮುಡಿಯವರೆಗೆ ಕಾಣಬೇಕೆಂಬುದು ಈ ನಿರ್ದೇಶಕರ ಹಠ. ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಶಾಟ್ ಕತ್ತರಿಸಿದರೆ ನಟನ ಅಸಾಮರ್ಥ್ಯವನ್ನು ಮರೆಮಾಚಬಹುದು. ಇವರಿಗೆ ಮರೆಮಾಚುವುದು ಏನೂ ಇರಲಿಲ್ಲ. ಕತ್ತರಿಸಿದಾಗಲೂ ಮೊದಲ ಶಾಟ್‌ನ ಕೊನೆಯ ಕೆಲವು ಫ್ರೇಮುಗಳ ಚಲನೆಯನ್ನು ಎರಡನೆಯ ಶಾಟ್‌ನ ಆರಂಭದಲ್ಲಿ ಮತ್ತೆ ತೋರಿಸುವುದುಂಟು. ನಮ್ಮ ಕಣ್ಣಿಗೆ ಅದು ಒಂದೇ ಪೆಟ್ಟಾಗಿ, ಆದರೆ ತೂಕ ಹೆಚ್ಚಿದ ಪೆಟ್ಟಾಗಿ ಕಾಣುತ್ತದೆ. ಸ್ಯಾಮೊ ಹಂಗ್ ಚಿತ್ರಗಳನ್ನು ಈ ದೃಷ್ಟಿಯಿಂದ ನೋಡಿ. ಅವರ ಸ್ಥೂಲಕಾಯದ ಬಗೆಗಿನ ಜೋಕುಗಳು ಬೇಗ ಹಳಸುತ್ತವೆ. ಆ ದೇಹ ಸಲೀಸಾಗಿ ಲಾಗ ಹಾಕಿ ನಿಂತಾಗ ಆಗುವ ಬೆರಗು ಹಳಸುವುದಿಲ್ಲ.

ಹೊಡೆದಾಟವೇ ಇಲ್ಲದ ದೃಶ್ಯವೊಂದನ್ನೂ ನಿಮ್ಮ ಲೇಖನಕ್ಕೆ ಸೇರಿಸಿಕೊಳ್ಳಿ. 1985ರ 'ಪೊಲೀಸ್ ಸ್ಟೋರಿ'ಯಲ್ಲಿ ಶಾಪಿಂಗ್ ಮಾಲ್‌ನ ಗಾಜುಗಳೆಲ್ಲ ಪುಡಿಯಾಗುವ ಕೊನೆಯ ಭಾಗವನ್ನು ಎಲ್ಲರೂ ಬರೆಯುತ್ತಾರೆ, ನೀವೂ ಬರೆದಿದ್ದೀರಿ. ಅದೇ ಚಿತ್ರದಲ್ಲಿ ನಾಯಕನನ್ನು ಮೂಲೆಯ ಠಾಣೆಯೊಂದಕ್ಕೆ ಎತ್ತಂಗಡಿ ಮಾಡಿದಾಗ, ಅವನೊಬ್ಬನೇ ಕುಳಿತು ಹಲವು ಫೋನುಗಳನ್ನು ನಿಭಾಯಿಸುವ ದೃಶ್ಯವಿದೆ. ಒಂದಕ್ಕೆ ಉತ್ತರಿಸುವಷ್ಟರಲ್ಲಿ ಇನ್ನೊಂದು ಬಡಿದುಕೊಳ್ಳುತ್ತದೆ, ವೈರುಗಳು ಹೆಣೆದುಕೊಳ್ಳುತ್ತವೆ, ಯಾರ ದೂರಿಗೆ ಯಾವ ರಿಸೀವರ್ ಎಂಬುದು ಕಲಸಿಹೋಗುತ್ತದೆ. ಎದುರಾಳಿಗಳಿಲ್ಲ, ಪೆಟ್ಟಿಲ್ಲ. ಆದರೂ ಕೈ, ಕಿವಿ, ಭುಜಗಳ ಲೆಕ್ಕಾಚಾರ ಹೊಡೆದಾಟದ್ದೇ. ಸಮರಕಲೆ ಮತ್ತು ಹಾಸ್ಯ ಎರಡು ಬೇರೆ ಪದಾರ್ಥಗಳು, ಅವನ್ನು ಇಲ್ಲಿ ಬೆರೆಸಲಾಗಿದೆ ಎಂಬ ನಿಮ್ಮ ವಾದ ಈ ದೃಶ್ಯದ ಮುಂದೆ ನಿಲ್ಲುವುದಿಲ್ಲ.

ಮೂಕಿಚಿತ್ರಗಳ ಋಣವನ್ನು ನೀವು ಪ್ರಸ್ತಾಪಿಸಿದ್ದು ಒಳ್ಳೆಯದಾಯಿತು. ಹ್ಯಾರಲ್ಡ್ ಲಾಯ್ಡ್ 1923ರಲ್ಲಿ ಗಡಿಯಾರದ ಮುಳ್ಳು ಹಿಡಿದು ನೇತಾಡಿದ್ದನ್ನು ಜಾಕಿ ಚಾನ್ 1983ರ 'ಪ್ರಾಜೆಕ್ಟ್ ಎ'ಯಲ್ಲಿ ನೆನಪಿಸಿಕೊಂಡರು; 1928ರಲ್ಲಿ ಬಸ್ಟರ್ ಕೀಟನ್ ಮೇಲೆ ಮನೆಯ ಮುಂಗೋಡೆ ಉರುಳಿದ್ದು 1987ರ ಎರಡನೆಯ ಭಾಗದಲ್ಲಿ ಮರಳಿತು. ಆದರೆ ವ್ಯತ್ಯಾಸವನ್ನೂ ಹೇಳಬೇಕು. ಲಾಯ್ಡ್ ಬೀಳುವುದಿಲ್ಲ, ಬಿದ್ದಾನೆಂಬ ಭಯದಲ್ಲೇ ಅಲ್ಲಿನ ನಗುವಿದೆ. 'ಪ್ರಾಜೆಕ್ಟ್ ಎ'ಯಲ್ಲಿ ಚಾನ್ ಬೀಳುತ್ತಾರೆ. ಬಟ್ಟೆಯ ಚಪ್ಪರಗಳನ್ನು ಹರಿದುಕೊಂಡು ನೆಲಕ್ಕೆ ಬೀಳುತ್ತಾರೆ, ಚಿತ್ರ ಆ ಬೀಳುವಿಕೆಯನ್ನು ಎರಡು ಸಲ ತೋರಿಸುತ್ತದೆ. ಹಾಗೆ ತೋರಿಸಿದಾಗ ಕಥೆ ಒಂದು ಕ್ಷಣ ನಿಂತು, ಇದು ಪಾತ್ರವಲ್ಲ, ಒಬ್ಬ ಮನುಷ್ಯ ಎಂಬ ಅರಿವು ಒಳನುಗ್ಗುತ್ತದೆ. ಚಿತ್ರದ ಕೊನೆಯಲ್ಲಿ ಹೆಸರುಗಳ ಜೊತೆ ಬರುವ, ಕೆಟ್ಟುಹೋದ ಟೇಕ್‌ಗಳ ತುಣುಕುಗಳೂ ಇದೇ ಕೆಲಸ ಮಾಡುತ್ತವೆ. 'ಆರ್ಮರ್ ಆಫ್ ಗಾಡ್' ಚಿತ್ರೀಕರಣದಲ್ಲಿ, ಆಗಿನ ಯುಗೊಸ್ಲಾವಿಯದಲ್ಲಿ, ಮರದಿಂದ ಬಿದ್ದು ಅವರ ತಲೆಬುರುಡೆ ಒಡೆದು ಶಸ್ತ್ರಚಿಕಿತ್ಸೆಯಾಯಿತು. ನಾವು ನಕ್ಕ ನಗುವಿಗೆ ಇಂಥ ಬೆಲೆಯಿತ್ತು ಎಂಬುದು ನನ್ನಲ್ಲಿ ಇಂದಿಗೂ ಒಂದು ಇರುಸುಮುರುಸನ್ನು ಉಳಿಸಿದೆ. ನಿಮ್ಮಲ್ಲೂ ಅದಿದ್ದರೆ ಬರೆಯಿರಿ; ಇಲ್ಲದಿದ್ದರೆ ನನಗಾಗಿ ನಟಿಸಬೇಡಿ.

ಮೆಚ್ಚಿದ ಚಿತ್ರದ ಹುಳುಕನ್ನು ಮುಚ್ಚುವುದು ಅಭಿಮಾನಿ ಸಂಘದ ಕೆಲಸ. 'ಪೊಲೀಸ್ ಸ್ಟೋರಿ'ಯಲ್ಲಿ ನಾಯಕನ ಗೆಳತಿಯ ಪಾತ್ರವನ್ನು ಬಹುಪಾಲು ಮುನಿಸಿಕೊಳ್ಳುವುದಕ್ಕಷ್ಟೇ ಬಳಸಲಾಗಿದೆ. 'ಡ್ರಂಕನ್ ಮಾಸ್ಟರ್'ನಲ್ಲಿ ಎಂಟು ಕುಡುಕ ದೇವತೆಗಳ ಪಟ್ಟುಗಳಲ್ಲಿ ಹೆಣ್ಣುದೇವತೆಯ ಪಟ್ಟನ್ನು ಕಲಿಯಲು ಹುಡುಗ ನಾಚಿಕೆಪಟ್ಟು ತಪ್ಪಿಸಿಕೊಳ್ಳುತ್ತಾನೆ. ಕೊನೆಯ ಕಾಳಗದಲ್ಲಿ ಅದೇ ಬೇಕಾದಾಗ, ಕಲಿಯದಿದ್ದುದನ್ನು ಆ ಕ್ಷಣಕ್ಕೆ ತಾನೇ ಕಟ್ಟಿಕೊಂಡು ಗೆಲ್ಲುತ್ತಾನೆ. ಗಂಡಸು ಹೆಣ್ಣಿನಂತೆ ನುಲಿದದ್ದಕ್ಕೆ ಜನ ನಗುತ್ತಾರೆಂಬುದು ನಿಜ, ಗೆಲುವು ಬಂದದ್ದು ಆ ನುಲಿತದಿಂದಲೇ ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಹೇಳಬಲ್ಲ ವಾಕ್ಯವೊಂದನ್ನು ನೀವು ಕಟ್ಟಿದರೆ ಲೇಖನದ ಅತ್ಯುತ್ತಮ ವಾಕ್ಯ ಅದಾಗಬಹುದು.

ಸ್ಟೀಫನ್ ಚೌ ಅವರ 2004ರ 'ಕುಂಗ್ ಫೂ ಹಸಲ್' ನನ್ನ ವಾದಕ್ಕೆ ತೊಡಕು ಎಂದು ನೀವು ಹೇಳಬಹುದು, ಏಕೆಂದರೆ ಅಲ್ಲಿ ನಟರನ್ನು ಹಾರಿಸುವ ತಂತಿಗಳಿವೆ, ಕಂಪ್ಯೂಟರ್ ಗ್ರಾಫಿಕ್ಸ್ ಇದೆ, ಕಾಲುಗಳು ಚಕ್ರಗಳಾಗಿ ತಿರುಗುತ್ತವೆ. ಒಪ್ಪುತ್ತೇನೆ. ಆದರೂ ಅದರಲ್ಲಿ ನನಗೆ ಹೆಚ್ಚು ನಗು ತರಿಸುವುದು ಹಾರಾಟಗಳಲ್ಲ, ಎಸೆದ ಚಾಕುಗಳು ಪುಟಿದು ಬಂದು ನಾಯಕನ ಭುಜಕ್ಕೇ ಚುಚ್ಚಿಕೊಳ್ಳುವ ದೃಶ್ಯ. ಅದಕ್ಕೆ ಬೇಕಾದದ್ದು ಸಮಯಪ್ರಜ್ಞೆ ಮಾತ್ರ. ತಲೆಗೆ ಕರ್ಲರ್ ಸುತ್ತಿಕೊಂಡ ವಠಾರದ ಒಡತಿಯಾದ ಯುಯೆನ್ ಚಿಯು, ಅವಳ ಗಂಡನಾದ ಯುಯೆನ್ ವಾ ಇಬ್ಬರೂ ಅದೇ ಆಪೆರಾ ಶಾಲೆಯವರು. ಯುಯೆನ್ ವಾ ಒಂದು ಕಾಲದಲ್ಲಿ ಬ್ರೂಸ್ ಲೀಯ ಡ್ಯೂಪ್ ಆಗಿ ಲಾಗ ಹಾಕಿದವರು.

ಇನ್ನು ತಿದ್ದುವ ಕೆಲಸ. ಕಥಾಸಾರಾಂಶಗಳನ್ನೆಲ್ಲ ತೆಗೆಯಿರಿ, ಈ ಚಿತ್ರಗಳ ಕಥೆ ಅವುಗಳನ್ನು ಬರೆದವರಿಗೇ ಅಷ್ಟು ಮುಖ್ಯವಾಗಿರಲಿಲ್ಲ. ಮೂರು ದೃಶ್ಯಗಳನ್ನಷ್ಟೇ ಆರಿಸಿಕೊಂಡು, ಧ್ವನಿ ನಿಲ್ಲಿಸಿ ನೋಡಿ, ಕ್ರಿಯಾಪದಗಳನ್ನು ಮಾತ್ರ ಕ್ರಮವಾಗಿ ಗುರುತು ಹಾಕಿಕೊಳ್ಳಿ. ಹಿಡಿದ, ಜಾರಿದ, ತಿರುಗಿದ, ಒದೆಸಿಕೊಂಡ ಎಂಬುದರ ಕ್ರಮ ತಪ್ಪಿದರೆ ನಗು ಸತ್ತುಹೋಗುತ್ತದೆ. ಕನ್ನಡದ ವಾಕ್ಯ ಕ್ರಿಯೆಯನ್ನು ಕೊನೆಯವರೆಗೆ ಹಿಡಿದಿಟ್ಟುಕೊಳ್ಳಬಲ್ಲದು, ಆ ಅನುಕೂಲವನ್ನು ಬಳಸಿಕೊಳ್ಳಿ.

ಮೂರರಲ್ಲಿ ಒಂದು ನಮ್ಮ ನೆಲಕ್ಕೆ ಸಂಬಂಧಿಸಿದ್ದಾಗಿರಲಿ ಎಂಬ ಆಸೆ ನನ್ನದು. 2005ರ 'ದಿ ಮಿಥ್' ಚಿತ್ರಕ್ಕಾಗಿ ಜಾಕಿ ಚಾನ್ ಹಂಪಿಗೆ ಬಂದು ಚಿತ್ರೀಕರಣ ನಡೆಸಿದ್ದರು. ಒಟ್ಟಾರೆ ಅದು ಸಪ್ಪೆ ಚಿತ್ರ, ಅದನ್ನು ಹೊಗಳಬೇಕಾಗಿಲ್ಲ. ಆದರೆ ಅದರ ಭಾರತದ ಭಾಗದಲ್ಲಿ, ಇಲಿ ಹಿಡಿಯುವ ಅಂಟು ತಯಾರಿಸುವ ಕಾರ್ಖಾನೆಯ ಕನ್ವೇಯರ್ ಬೆಲ್ಟ್ ಮೇಲೆ ಚಾನ್ ಮತ್ತು ಮಲ್ಲಿಕಾ ಶೆರಾವತ್ ಎದುರಾಳಿಗಳೊಡನೆ ಸೆಣಸುವ ಹೊಡೆದಾಟವಿದೆ. ನೆಲವೇ ಹಿಡಿದುಕೊಳ್ಳುವುದರಿಂದ ಪಾದ ಎತ್ತುವುದೇ ಒಂದು ಪಟ್ಟಾಗುತ್ತದೆ, ಅಂಟಿದ ಬಟ್ಟೆಯನ್ನು ಕಳಚಿದರಷ್ಟೇ ಬಿಡುಗಡೆ. ಹಂಪಿಯ ದೃಶ್ಯಗಳಿಗೆ ಒಂದು ಸಾಲು ಸಾಕು. ಅಂಟಿಗೆ ಒಂದು ಪುಟ ಕೊಡಿ, ಅದನ್ನೇ ಮೊದಲು ಬರೆದು ಕಳುಹಿಸಿ. ಉಳಿದದ್ದನ್ನು ಆಮೇಲೆ ನೋಡೋಣ.

ಇತಿ ನಿಮ್ಮ ವಿಶ್ವಾಸಿ