ತಮ್ಮನ ಮಕ್ಕಳ ಕುರಿ ಮತ್ತು ಕಜ್ಜಿ

ಸಂಪಾದಕರಿಗೆ ನಮಸ್ಕಾರ.

ತಮ್ಮ ತೀರಿಕೊಂಡ ಮೇಲೆ ಅವನ 38 ಕುರಿ ನನ್ನ ಹಿಂಡಿಗೆ ಸೇರಿವೆ. ಅವನ ಮಕ್ಕಳು ದೊಡ್ಡವರಾಗುವವರೆಗೆ ಜವಾಬ್ದಾರಿ ನನ್ನದು. ಮಾರಿದ ಟಗರು, ತಂದ ಔಷಧಿ, ಎಲ್ಲ ಬೇರೆ ವಹಿಯಲ್ಲಿ ಬರೆಯುತ್ತೇನೆ.

ಈ ಸಲ ಕಜ್ಜಿ ಬಂತು. ಮೈ ತಿಕ್ಕಿ ತಿಕ್ಕಿ ಉಣ್ಣೆಯೆಲ್ಲ ಬೇಲಿಮುಳ್ಳಿಗೆ ಜೋತುಬಿದ್ದಿತ್ತು. ಚರ್ಮದ ಮೇಲೆ ಹಳದಿ ಹಕ್ಕಳೆ. ಔಷಧಿ ನೀರಲ್ಲಿ ಮುಳುಗಿಸಿದೆ, ಹತ್ತು ದಿನಕ್ಕೆ ಇನ್ನೊಮ್ಮೆ. ಮೊದಲ ಸಲಕ್ಕೆ ಕಜ್ಜಿ ತರುವ ನುಸಿ ಸಾಯುತ್ತದೆ, ಅದರ ಮೊಟ್ಟೆ ಉಳಿಯುತ್ತದೆ. ಆದರೆ ಪಕ್ಕದ ಹಿಂಡಿನವರು ಸುಮ್ನೆ ಕೂತರು. ಮೇಯುವ ಹೊಲ ಒಂದೇ ಅಲ್ವಾ, ಮತ್ತೆ ಅಂಟಿತು. ವಹಿಯಲ್ಲಿ ಆ ಖರ್ಚು ಯಾರ ಪಾಲಿಗೆ ಬರೆಯಲಿ?

ಬ್ರಿಟಿಷರ ಕಾಲದ ಆಸ್ಟ್ರೇಲಿಯಾದಲ್ಲೂ ಇದೇ ಗೋಳಿತ್ತು. ತಂಬಾಕು, ಗಂಧಕ ಬೆರೆಸಿದ ಬಿಸಿನೀರಲ್ಲಿ ಕುರಿ ಮುಳುಗಿಸುತ್ತಿದ್ದರು. ಕಜ್ಜಿ ಕುರಿ ಇಟ್ಟುಕೊಂಡವರಿಗೆ ದಂಡ. 1896ರ ಹೊತ್ತಿಗೆ ಆ ಕಜ್ಜಿ ಅಲ್ಲಿಂದ ಪೂರ್ತಿ ಹೋಯಿತು. ಅಲ್ಲಿ ಬೇರೆಯವರ ಆಸ್ತಿ ನೋಡಿಕೊಳ್ಳುತ್ತಿದ್ದ ಟ್ರಸ್ಟಿಗಳೂ ನನ್ನ ಹಾಗೇ ಲೆಕ್ಕ ಬರೆಯುತ್ತಾ ತಲೆ ಕೆರೆದುಕೊಂಡಿರಬೇಕು.

ನಮ್ಮ ಜತ್ತ ಭಾಗದಲ್ಲೂ ಉಣ್ಣೆ ಕತ್ತರಿಸಿ ಗಾಯ ಮಾಯ್ದ ಮೇಲೆ ಊರಿನ ಎಲ್ಲ ಹಿಂಡನ್ನೂ ಒಂದೇ ದಿನ ಮುಳುಗಿಸುವ ಏರ್ಪಾಡಾಗಲಿ. ಔಷಧಿಯ ಅಳತೆಯನ್ನು ಕನ್ನಡದಲ್ಲೂ ಬರೆಯಲಿ. ಮರಾಠಿ ಓದಲು ನಾನು ಸೊಸೆಯನ್ನೇ ಕರೆಯಬೇಕು.

ಒಬ್ಬ ಕುರಿಗಾರ,
ಜತ್ತ ತಾಲೂಕು, ಸಾಂಗ್ಲಿ ಜಿಲ್ಲೆ